ಸುಣ್ಣದ ಗೆರೆಯ ಹೊರಗೆ

ನಮ್ಮ ಕಡೆ ರೇಷ್ಮೆ ಹುಳು ಸಾಕುವ ಮನೆಗೆ ಹುಳು ಮನೆ ಅಂತಲೇ ಹೆಸರು. ಜನ ಇರುವ ಮನೆಗಿಂತ ಅದಕ್ಕೆ ಮರ್ಯಾದೆ ಹೆಚ್ಚು. ನಾವು ಮಲಗುತ್ತಿದ್ದ ಮನೆಗೆ ಶೀಟು ಹೊದಿಸಿತ್ತು. ಹುಳು ಮನೆಗೆ ಹೆಂಚು, ಕಿಟಕಿಗಳಿಗೆ ನೈಲಾನ್ ಬಲೆ, ಬೇಸಗೆ ಬಂದರೆ ಗೋಡೆಗೆ ಒದ್ದೆ ಗೋಣಿ. ಶ್ರೀನಿವಾಸಪುರ ದಾಟಿ ಆಂಧ್ರದ ಕಡೆ ಹೋಗುವ ರಸ್ತೆಯಲ್ಲಿ ನಮ್ಮೂರು. ಮನೆಯಲ್ಲಿ ಮಾತಾಡುವುದು ಕನ್ನಡ, ಜಗಳವಾಡುವುದು ತೆಲುಗು.

ಹುಳು ಮನೆಯ ಹೊಸ್ತಿಲ ಮುಂದೆ ಸುಣ್ಣದ ಪುಡಿಗೆ ಬ್ಲೀಚಿಂಗ್ ಬೆರೆಸಿ ಎಳೆದ ಬಿಳಿ ಗೆರೆ ಇರುತ್ತದೆ. ಅದಕ್ಕೆ ಹತ್ತಿಕೊಂಡಂತೆ ಔಷಧಿ ನೀರಿನಲ್ಲಿ ಅದ್ದಿ ಹಾಸಿದ ಗೋಣಿಚೀಲ. ಒಳಗೆ ಹೋಗುವವರು ಅದರ ಮೇಲೆ ನಿಂತು ಪಾದ ಒದ್ದೆ ಮಾಡಿಕೊಂಡೇ ಹೋಗಬೇಕು. ಹೊರಗಿನವರು ಆ ಗೆರೆ ದಾಟುವಂತಿಲ್ಲ. ಇನ್ನೊಬ್ಬರ ಹುಳು ಮನೆಯಿಂದ ಬಂದವರಂತೂ ಇಲ್ಲವೇ ಇಲ್ಲ. ಸಾವಿನ ಮನೆಗೆ ಹೋಗಿ ಬಂದವರು, ತಲೆಗೆ ವಾಸನೆ ಎಣ್ಣೆ ಹಚ್ಚಿದವರು, ಬೀಡಿ ಸೇದಿದವರು, ಎಲ್ಲರೂ ಜಗಲಿಯ ಮೇಲೇ. ಯಾಕೆ ಅಂತ ಯಾರೂ ಕೇಳುವುದಿಲ್ಲ. ಅಪ್ಪನ ಸ್ವಂತ ಅಕ್ಕ ಒಂದು ಸಲ ಸಾವಿನ ಮನೆಯಿಂದ ಬಂದು ಜಗಲಿಯಲ್ಲೇ ಉಂಡು ಹೋಗಿದ್ದರು, ಬೇಸರ ಮಾಡಿಕೊಂಡಿರಲಿಲ್ಲ.

ಇನ್ನೊಂದು ಕಟ್ಟಳೆಯೂ ಇದೆ. ಯಾರ ಹುಳುವೇ ಆಗಲಿ, ಹಸಿದಿರಬಾರದು. ಯಾರ ತೋಟದಲ್ಲಾದರೂ ಸೊಪ್ಪು ಮುಗಿದಿದೆ ಅಂತ ಕಿವಿಗೆ ಬಿದ್ದರೆ ಸಾಕು, ಇದ್ದವರು ಕೊಡಬೇಕು, ಅವರು ಬಂದು ಕೇಳುವವರೆಗೆ ಕಾಯಬಾರದು. ಪಕ್ಕದ ಹೊಲದವರ ಜೊತೆ ಬದುವಿನ ಜಗಳವಾಗಿ ಮಾತು ಬಿಟ್ಟಿದ್ದ ಕಾಲದಲ್ಲೂ ಅಮ್ಮ ಒಂದು ಹೊರೆ ಹಿಪ್ಪುನೇರಳೆ ಸೊಪ್ಪನ್ನು ಅವರ ಬೇಲಿಯ ಹತ್ತಿರ ಇಳಿಸಿ, ಮುಖ ತಿರುಗಿಸಿಕೊಂಡು ವಾಪಸ್ಸು ಬಂದಿದ್ದಳು. ಅವರೂ ತಗೊಂಡರು, ಮಾತಾಡಲಿಲ್ಲ. ಜಗಳ ಇನ್ನೂ ಇದೆ.

ಈ ಎರಡೂ ಕಟ್ಟಳೆಗಳು ನನ್ನ ಓದಿನ ನಡುವೆ ಬಂದು ಎದುರಾಬದುರಾಗಿ ನಿಂತದ್ದನ್ನು ಬರೆಯಬೇಕು ಅಂತಿದ್ದೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರು ನಾನೇ ಮೊದಲು. ಇದನ್ನು ನಾಚಿಕೊಂಡು ಹೇಳುವವಳಲ್ಲ ನಾನು. ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ, ಕೈ ತೊಳೆದು, ಓಡಿ ಬಸ್ಸು ಹಿಡಿದು ಕೋಲಾರಕ್ಕೆ ನಿಂತುಕೊಂಡೇ ಹೋಗಿ ಓದಿದವಳು. ನನ್ನ ಬಟ್ಟೆಗೆ ಹುಳುವಿನ ವಾಸನೆ ಅಂತ ಬೆಂಚಿನಲ್ಲಿ ಪಕ್ಕ ಕೂತಿದ್ದ ಹುಡುಗಿ ಜಾಗ ಬದಲಾಯಿಸಿದ್ದಳು. ಆಮೇಲೆ ಎಂಎಸ್ಸಿ. ಘಟಿಕೋತ್ಸವದ ದಿನಕ್ಕೆ ಅಮ್ಮ ಕಡು ನೀಲಿ ಬಣ್ಣದ ರೇಷ್ಮೆ ಸೀರೆ ತಂದಳು. ಇಷ್ಟು ವರ್ಷ ಗೂಡು ಬೆಳೆದ ಮನೆಯೊಳಗೆ ಬಂದ ಮೊದಲ ರೇಷ್ಮೆ ಸೀರೆ ಅದು. ಅದನ್ನು ಒಂದೇ ದಿನ ಉಟ್ಟು ಹಾಸ್ಟೆಲಿನ ಟ್ರಂಕಿನಲ್ಲಿ ಮಡಿಸಿಟ್ಟಿದ್ದೆ.

ಪಿಎಚ್‌ಡಿಗೆ ಸೇರಿದ ಮೇಲೆ ನನ್ನ ಕೆಲಸ ಅಲೆದಾಟ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ನಾಲ್ಕೂ ತಾಲ್ಲೂಕು ಸುತ್ತಿದೆ. ಲಕ್ಕೂರಿನ ಕಡೆ, ಕ್ಯಾಲನೂರಿನ ಕಡೆ, ಕುರುಡುಮಲೆಯಿಂದಾಚೆ, ಹುಳು ಸಾಯುತ್ತಿದ್ದ ಮನೆಗಳಿಗೆ ಹೋಗಿ, ಸತ್ತ ಹುಳುಗಳನ್ನು ಡಬ್ಬಿಯಲ್ಲಿ ತರುವುದು. ಹಾಲು ರೋಗ ನಮಗೆ ಹೊಸದಲ್ಲ. ಹುಳು ಊದಿಕೊಳ್ಳುತ್ತದೆ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಅಲೆಯುತ್ತದೆ, ಚರ್ಮ ಒಡೆದು ಹಾಲಿನಂಥ ನೀರು ಸೋರಿ ಸಾಯುತ್ತದೆ. ಸುಣ್ಣ, ಬ್ಲೀಚಿಂಗ್ ಸರಿಯಾಗಿ ಬಳಸಿದ ಮನೆಗೆ ಅದು ಸುಲಭಕ್ಕೆ ಬರುವುದಿಲ್ಲ. ಆದರೆ ಒಂದು ಮನೆಯಲ್ಲಿ ಎಲ್ಲ ಕ್ರಮ ಪಾಲಿಸಿದ್ದರೂ ಇಡೀ ಬೆಳೆ ಹೋಗಿತ್ತು. ಆ ಮನೆಯ ಯಜಮಾನರು ಡಬ್ಬಿಗೆ ಹುಳು ಹಾಕಿಕೊಡುತ್ತಾ ಒಂದೇ ಮಾತು ಕೇಳಿದರು.

"ನಮ್ಮೂರ ಹೆಸರು ಎಲ್ಲೂ ಬರಬಾರ್ದು ಕಣಮ್ಮಾ. ಬಂತು ಅಂದ್ರೆ ನಮ್ಮೂರ ಗೂಡನ್ನ ಮಾರ್ಕೆಟ್ಟಲ್ಲಿ ಯಾರೂ ಮುಟ್ಟಲ್ಲ. ಊರೋರು ನನ್ನ ಬಿಡಲ್ಲ."

"ಬರಲ್ಲ," ಅಂದೆ.

ಆ ಮನೆ ಯಾವ ಕಡೆಯದು ಅಂತ ಇಲ್ಲಿಯೂ ಬರೆಯುವುದಿಲ್ಲ.

ಆ ಡಬ್ಬಿಯಲ್ಲಿದ್ದದ್ದನ್ನು ಪರೀಕ್ಷಿಸಿದ ಮೇಲೆ ನನ್ನ ಗೈಡ್ ಮೇಡಂ ತಮ್ಮ ಕೋಣೆಯ ಬಾಗಿಲು ಮುಂದೆ ಮಾಡಿ ಕೂರಿಸಿಕೊಂಡರು. ಅವರು ಜೋರಾಗಿ ಮಾತಾಡುವವರಲ್ಲ. ಬೈಯುವಾಗಲೂ ಮಜ್ಜಿಗೆ ಬೇಕಾ ಅಂತ ಕೇಳಿದ ಹಾಗೆ ಕೇಳಿಸುತ್ತದೆ.

"ಇದು ಮಾಮೂಲಿ ಹಾಲು ರೋಗ ಅಲ್ಲ ಅನ್ಸುತ್ತೆ. ನಾವು ಬಳಸೋ ಔಷಧಿಗೆ ಇದು ಬಗ್ತಾ ಇಲ್ಲ. ಖಚಿತ ಆಗೋವರೆಗೂ ಒಂದು ಮಾತೂ ಹೊರಗೆ ಹೋಗಬಾರದು. ಮನೇಲೂ."

"ಮನೇಲಿ ಹುಳು ಸಾಕ್ತಾರೆ ಮೇಡಂ."

"ಗೊತ್ತು. ಅದಕ್ಕೇ ಹೇಳ್ತಿರೋದು. ಈ ಕೆಲಸ ಹಿಡಿದ ಮೇಲೆ ಮುಗಿಯೋವರೆಗೂ ಯಾವ ಹುಳು ಮನೆಗೂ ನೀನು ಕಾಲಿಡೋ ಹಾಗಿಲ್ಲ. ನಿಮ್ಮನೇದೂ ಸೇರಿ. ಆಗಲ್ಲ ಅನ್ಸಿದ್ರೆ ಈಗ್ಲೇ ಹೇಳಮ್ಮ, ಬೇರೆ ವಿಷಯ ಕೊಡ್ತೀನಿ. ಅವಮಾನ ಏನಿಲ್ಲ."

ಆಗಲ್ಲ ಅನ್ನಲಿಲ್ಲ. ಯಾರೋ ಇನ್ನೊಬ್ಬರು ಈ ರೋಗದ ಮೂಲ ಹುಡುಕಿ, ಅದನ್ನು ನಾನು ಪುಸ್ತಕದಲ್ಲಿ ಓದುವುದು ನನಗೆ ಬೇಕಿರಲಿಲ್ಲ. ಹುಳು ಮನೆಯಲ್ಲಿ ಬೆಳೆದವಳು ನಾನು, ನಾನೇ ಹುಡುಕಬೇಕು ಅನ್ನುವ ಹಠ ಇತ್ತು.

ನಮಗೆ ಸಿಕ್ಕಿದ್ದು ಕಟ್ಟಡದ ಹಿಂಬದಿಯಲ್ಲಿ ಮೊದಲು ಸಾಮಾನು ತುಂಬಿಡುತ್ತಿದ್ದ ಕೋಣೆ. ಅದಕ್ಕೆ ಎರಡು ಬಾಗಿಲು ಮಾಡಿಸಿದೆವು. ಮೊದಲ ಬಾಗಿಲು ದಾಟಿದರೆ ಸಣ್ಣ ನಡುಕೋಣೆ. ಅಲ್ಲಿ ಕೈ ತೊಳೆಯುವ ತೊಟ್ಟಿ, ಕಡಪಾ ಕಲ್ಲಿನ ಕಟ್ಟೆ, ಕೋಟು ತೂಗುಹಾಕುವ ಮೊಳೆ. ಎರಡನೇ ಬಾಗಿಲು ದಾಟಿದರೆ ರೋಗದ ಹುಳುಗಳು. ಒಳಗೆ ಯಾರಾದರೂ ಇರುವಾಗ ಮೊದಲ ಬಾಗಿಲಿಗೆ ಬೀಗ ಹಾಕುವ ಹಾಗಿರಲಿಲ್ಲ, ಬೆಂಕಿ ಗಿಂಕಿ ಆದರೆ ಹೊರಗೆ ಬರಬೇಕಲ್ಲ. ಅದಕ್ಕೇ ಬಾಗಿಲ ಮೇಲೆ ಕೆಂಪಕ್ಷರದಲ್ಲಿ ಬೋರ್ಡು ಅಂಟಿಸಿದೆ. ಅಪ್ಪಣೆಯಿಲ್ಲದೆ ಪ್ರವೇಶವಿಲ್ಲ, ಜೈವಿಕ ಅಪಾಯದ ವಸ್ತುಗಳಿವೆ ಅಂತ ಇಂಗ್ಲಿಷಿನಲ್ಲಿ. ನಾನೇ ಬರೆದ ಇಂಗ್ಲಿಷು, ಮೇಡಂ ಒಂದಕ್ಷರ ತಿದ್ದಿರಲಿಲ್ಲ. ಬಹಳ ದಿನ ಆ ಬೋರ್ಡು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತಿತ್ತು.

ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಒಂದು ಕೋಣೆಯನ್ನು ಮುಚ್ಚಿಡುವುದು ಎಷ್ಟು ಕಷ್ಟ ಅಂತ ಆಮೇಲೆ ಗೊತ್ತಾಯಿತು. ನಮ್ಮ ಆವರಣಕ್ಕೆ ಬೆಳಿಗ್ಗೆ ವಾಕಿಂಗ್‌ಗೆ ಊರೇ ಬರುತ್ತದೆ. ಮಧ್ಯಾಹ್ನ ಮೇಕೆ ಬರುತ್ತವೆ. ಆಚೆ ಬಡಾವಣೆಯವರಿಗೆ ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ನಮ್ಮ ಕಟ್ಟಡದ ಹಿಂದೆಯೇ. ಯಾರನ್ನೂ ಯಾರೂ ತಡೆಯುವುದಿಲ್ಲ, ತಡೆಯಬಾರದು ಕೂಡ. ಆ ಗೇಟು ಎಲ್ಲರಿಗೂ ತೆರೆದಿದ್ದರಿಂದಲೇ ನನ್ನಂಥವಳು ಒಳಗೆ ಬಂದದ್ದು. ಹಾಗೆ ಬಂದವಳೇ ಈಗ ಸೊಂಟಕ್ಕೆ ಬೀಗದ ಕೈ ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ.

ಒಂದು ಸಲ ಸೋಂಕುನಿವಾರಕ ಪುಡಿ ಮಾರುವ ಕಂಪನಿಯೊಂದರ ಏಜೆಂಟು ಹಣ್ಣಿನ ಚೀಲ ಹಿಡಿದು ಬಂದ. "ರಿಸಲ್ಟ್ ಬೇಡ ಮೇಡಂ. ಯಾವೂರು ಅಂತ ಮಾತ್ರ ಹೇಳಿ ಸಾಕು. ಅಲ್ಲಿ ನಾವು ರೈತರಿಗೆ ಸೇವೆ ಮಾಡ್ತೀವಿ," ಅಂದ. ನಮ್ಮಲ್ಲಿ ಅಂಥದ್ದೇನಿಲ್ಲ ಅಂದೆ. ನಗುತ್ತಾ ಹೋದ, ಹಣ್ಣು ಬಿಟ್ಟು ಹೋದ. ಆ ಹಣ್ಣು ಯಾರಿಗೂ ಕೊಡಲಾರದೆ, ನಾನೂ ತಿನ್ನಲಾರದೆ ಮೇಕೆಗೆ ಹಾಕಿದೆ. ಜೊತೆಯಲ್ಲಿ ಓದುವವರು ಊಟಕ್ಕೆ ಕೂತಾಗ ತಮ್ಮ ತಮ್ಮ ಕೆಲಸದ ಗೋಳು ಹೇಳಿಕೊಳ್ಳುತ್ತಿದ್ದರು. ನಿಂದೇನಮ್ಮಾ ಅಂದರೆ ನಡೀತಿದೆ ಅನ್ನುತ್ತಿದ್ದೆ. ಬರಬರುತ್ತಾ ಯಾರೂ ಕೇಳುವುದನ್ನು ಬಿಟ್ಟರು. ನಾನೂ ಅವರು ಉಂಡೆದ್ದ ಮೇಲೆ ಹೋಗಿ ಕೂರುವುದು ರೂಢಿಯಾಯಿತು.

ಆದರೆ ಕಷ್ಟವಾದದ್ದು ಊರಿನಲ್ಲಿ.

ಹುಳು ಹಣ್ಣಾಗುವ ದಿನ ನಮ್ಮ ಕಡೆ ಒಂದು ಥರದ ಹಬ್ಬ. ಸೊಪ್ಪು ತಿಂದು ತಿಂದು ಹುಳುವಿನ ಮೈ ಒಂದು ದಿನ ಹಳದಿಗೆ ತಿರುಗಿ, ಗಾಜಿನ ಹಾಗೆ ಬೆಳಕು ಹಾಯುವಂತಾಗುತ್ತದೆ. ಅಂಥವನ್ನು ಒಂದೊಂದಾಗಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟುವುದು ಅಲ್ಲಿಯೇ. ತಡವಾದರೆ ಸೊಪ್ಪಿನ ನಡುವೆಯೇ ನೂಲು ಬಿಟ್ಟು ಹಾಳಾಗುತ್ತವೆ. ಮನೆಯವರ ಕೈ ಸಾಲುವುದಿಲ್ಲ. ಅದಕ್ಕೆ ಆ ಒಂದು ದಿನ ಮಾತ್ರ ಹೊರಗಿನವರಿಗೂ ಗೆರೆ ದಾಟುವ ಅಪ್ಪಣೆ. ಕೈಕಾಲು ತೊಳೆದು ಗೋಣಿಯ ಮೇಲೆ ನಿಂತು ಬರಬಹುದು. ಓಣಿಯ ಹೆಂಗಸರೆಲ್ಲ ಒಳಗೆ ಸೇರಿ, ಮಾತು, ನಗು, ಕೊನೆಗೆ ಪಾಯಸ.

ಅಂಥ ದಿನ ನಾನು ಜಗಲಿಯ ಮೇಲೆ ಕೂತಿದ್ದೆ.

"ಯಾಕಮ್ಮಾ ಅಲ್ಲೇ ಕೂತ್ಕೊಂಡೆ?" ಅಂದರು ಅತ್ತಿಗೆ ಒಳಗಿಂದ. ಅಣ್ಣ ತೋಟ ನೋಡಿಕೊಂಡರೆ, ಹುಳು ಮನೆ ಅಮ್ಮ ಮತ್ತು ಅತ್ತಿಗೆಯ ಪಾಲು.

"ಅಲರ್ಜಿ ಅತ್ತಿಗೆ. ಡಾಕ್ಟ್ರು ಹುಳ ಮುಟ್ಬೇಡ ಅಂದವ್ರೆ."

ಒಳಗೆ ಎಲ್ಲರೂ ಒಟ್ಟಿಗೆ ನಕ್ಕರು.

"ಹುಳದ ತಟ್ಟೆ ಪಕ್ಕ ತೊಟ್ಲು ಕಟ್ಟಿ ಬೆಳೆಸಿದ್ದು ಇವಳ್ನ. ಇವಳಿಗೆ ಅಲರ್ಜಿಯಂತೆ," ಅಂದಳು ಓಣಿಯ ಹಿರಿಯಳೊಬ್ಬಳು.

"ಡಿಗ್ರಿ ತಗೊಂಡ್ಮೇಲೆ ಬತ್ತೈತೆ ಕಣಕ್ಕಾ ಅದು," ಅಂದಳು ಎದುರು ಮನೆಯವಳು. "ಏನಮ್ಮಾ ಡಾಕ್ಟ್ರಮ್ಮಾ, ಹುಳ ಮುಟ್ಟಿದ್ರೆ ಸರ್ಟಿಫಿಕೇಟು ವಾಪಸ್ ಕಿತ್ಕೊಂತಾರಾ?"

"ಊರೋರ್ನೆಲ್ಲಾ ಒಳಗೆ ಬನ್ನಿ ಅಂತ ಕರೀತೀವಿ," ಅತ್ತಿಗೆ ಅಂದರು, ಈ ಸಲ ನಗಲಿಲ್ಲ. "ಮನೆ ಮಗಳು ನೆಂಟ್ರ ಥರ ಆಚೆ ಕೂತವ್ಳೆ."

ನಾನೂ ನಗುವವಳ ಹಾಗೆ ಮುಖ ಮಾಡಿಕೊಂಡೆ. ಅಮ್ಮ ಪಾಯಸದ ಲೋಟ ತಂದು ಜಗಲಿಯ ತುದಿಯಲ್ಲಿಟ್ಟು ಒಳಗೆ ಹೋದಳು. ಸಾವಿನ ಮನೆಯಿಂದ ಬಂದ ಅತ್ತೆಗೆ ಇಟ್ಟಿದ್ದಳಲ್ಲ, ಹಾಗೆ. ಅತ್ತಿಗೆಯ ಮಾತಿಗಿಂತ ಆ ಲೋಟ ನನಗೆ ಹೆಚ್ಚು ಚುಚ್ಚಿತು. ಹೇಳಬಹುದಿತ್ತು, ನನ್ನ ಮೈಮೇಲೆ ಏನಿದೆಯೋ ಅಂತ ಹೆದರಿ ಒಳಗೆ ಬರುತ್ತಿಲ್ಲ ಅಂತ. ಒಂದು ಮಾತು ಸಾಕಿತ್ತು. ಆದರೆ ಆ ಮಾತು ಎದುರು ಮನೆಯವಳ ಕಿವಿಗೆ ಬಿದ್ದರೆ ಮಾರನೇ ದಿನ ಗೂಡಿನ ಮಾರುಕಟ್ಟೆಯಲ್ಲಿರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ರೋಗ ಸಾಕುತ್ತಾರಂತೆ ಅನ್ನುವ ಸುದ್ದಿ ಹಬ್ಬಿದರೆ, ಜಿಲ್ಲೆಯಲ್ಲಿ ಯಾರ ಹುಳು ಸತ್ತರೂ ನಮ್ಮ ಕೋಣೆಯ ಬಾಗಿಲಿಗೇ ಬರುತ್ತಾರೆ. ಅದು ಎಲ್ಲಿಂದ ಬಂತು ಅಂತ ಕೆದಕಿಕೊಂಡು ಆ ಯಜಮಾನರ ಮನೆಗೂ ಹೋಗುತ್ತಾರೆ. ಪಾಯಸ ಕುಡಿದು ಬಸ್ಸು ಹತ್ತಿದೆ.

ಅದಾದ ಮೇಲೆ ಊರಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಫೋನಿನಲ್ಲಿ ಮಾತು. ಅಮ್ಮನಿಗೆ ಫೋನಿನಲ್ಲಿ ಮಾತಾಡಲು ಬೇರೆ ವಿಷಯ ಗೊತ್ತಿಲ್ಲ.

"ನಿಮ್ ಹುಳಗಳಿಗೆ ಎಷ್ಟನೇ ಜ್ವರ?" ಅಂತ ಕೇಳುತ್ತಿದ್ದಳು, ಅಲರ್ಜಿಯ ಮಾತು ಎತ್ತುತ್ತಿರಲಿಲ್ಲ. ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ, ಮಲಗಿ, ಪೊರೆ ಬಿಡುವುದಕ್ಕೆ ನಾವು ಜ್ವರ ಅನ್ನುತ್ತೇವೆ. ಬೆಳೆಯ ನಡುವೆ ಅಂಥ ನಾಲ್ಕು ಜ್ವರ.

"ಮೂರು."

"ನಮ್ಮವು ನಾಲ್ಕು ಮುಗಿಸಿ ಎದ್ದವೆ. ತಿನ್ನಾಕೆ ಶುರು ಹಚ್ಕೊಂಡವೆ. ಇನ್ನೊಂದು ವಾರಕ್ಕೆ ಹಣ್ಣಾಯ್ತವೆ. ಬರ್ತೀಯಾ?"

"ಆಗಲ್ಲಮ್ಮ. ಇಲ್ಲಿ ಬೋರ್‌ವೆಲ್ ಮೋಟ್ರು ಸುಟ್ಟೋಗಿದೆ. ತೋಟಕ್ಕೆ ನೀರಿಲ್ಲ, ಸೊಪ್ಪು ಬಾಡ್ತಿದೆ. ಹೊರಗಿಂದ ತರ್ಸೋಕೆ ಇನ್ನೂ ಕಾಗದ ಓಡಾಡ್ತಾ ಐತೆ."

"ಮತ್ತೆ ಹುಳಕ್ಕೇನು ಹಾಕ್ತೀರಾ?"

"ಇರೋದನ್ನೇ ಹಂಚಿ ಹಾಕ್ತಿದೀವಿ."

ಅಮ್ಮ ಸರಿ ಇಡ್ತೀನಿ ಅಂದಳು. ಆ ಸರಿ ಎಂಥದ್ದು ಅಂತ ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಮಾರನೇ ದಿನ ಅಮ್ಮ ಬೆಳಗಿನ ಸೊಪ್ಪು ಹಾಕಿ, ಸಂಜೆಯ ಸೊಪ್ಪಿನ ಹೊತ್ತಿಗೆ ವಾಪಸ್ಸಾಗುವ ಲೆಕ್ಕ ಹಾಕಿ, ಒದ್ದೆ ಬಟ್ಟೆ ಸುತ್ತಿದ ಸೊಪ್ಪಿನ ಮೂಟೆಯೊಂದಿಗೆ ಕೋಲಾರಕ್ಕೆ ಬಸ್ಸು ಹತ್ತಿದ್ದಳು. ಗೇಟಿನ ಕಾವಲುಗಾರ ನಮ್ಮ ಕಡೆಯವನೇ. "ಎವರು ಕಾವಾಲಕ್ಕಾ?" ಅಂದನಂತೆ. ಯಾರು ಬೇಕು ಅಂತ ತೆಲುಗಿನಲ್ಲಿ ಕೇಳಿದ್ದೇ ಸಾಕು, ಅಮ್ಮ ಊರು, ಮನೆತನ, ಮಗಳ ಓದು ಎಲ್ಲ ಹೇಳಿದ್ದಾಳೆ. ಅವನು ಮೂಟೆಯನ್ನು ತಾನೇ ಹೊತ್ತು ಕಟ್ಟಡದ ಹಿಂದಿನವರೆಗೆ ಬಂದು, ಇದೇ ನಿಮ್ಮ ಪಾಪನ ರೂಮು ಅಂತ ಬಾಗಿಲು ತೋರಿಸಿ ಹೋಗಿದ್ದಾನೆ. ಕೆಂಪಕ್ಷರದ ಬೋರ್ಡು ಇಬ್ಬರ ಕಣ್ಣೆದುರೇ ಇತ್ತು. ಇಬ್ಬರಿಗೂ ಇಂಗ್ಲಿಷು ಬಾರದು.

ನಾನು ಒಳಗಿನ ಕೋಣೆಯಲ್ಲಿದ್ದೆ. ನಡುಕೋಣೆಯಲ್ಲಿ ಬಳೆ ಸದ್ದಾಯಿತು. ಬಾಗಿಲು ತೆರೆದು ನೋಡಿದರೆ ಅಮ್ಮ. ಕಡಪಾ ಕಲ್ಲಿನ ಮೇಲೆ ಸೊಪ್ಪು ಹರವಿಟ್ಟಿದ್ದಳು, ಸೆಕೆಗೆ ಬಾಡದ ಹಾಗೆ. ಮುಖಕ್ಕೆ ಮಾಸ್ಕು, ತಲೆಗೆ ಟೋಪಿ ಹಾಕಿದ್ದ ನನ್ನನ್ನು ನೋಡಿ ನಕ್ಕಳು.

"ಏನೇ ಇದು, ಕಳ್ಳಿ ಥರ ಮುಖ ಮುಚ್ಕೊಂಡಿದೀಯ."

ಆಮೇಲೆ ಅವಳ ಕೈ ನೋಡಿದೆ. ಮೊಳೆಗೆ ತೂಗುಹಾಕಿದ್ದ ನನ್ನ ಕೋಟು. ಹಿಂದಿನ ದಿನ ಸತ್ತ ಹುಳು ಕೊಯ್ದಾಗ ಹಾಕಿದ್ದ ಕೋಟು, ಕುದಿಸಿ ಶುದ್ಧ ಮಾಡಲೆಂದು ಇಟ್ಟದ್ದು. ಅಮ್ಮ ಅದನ್ನು ಎದೆಗೆ ಒತ್ತಿಕೊಂಡು, ಮಡಿಸಿ, ಖಾಲಿಯಾದ ಸೊಪ್ಪಿನ ಚೀಲಕ್ಕೆ ತುಂಬುತ್ತಿದ್ದಳು.

"ಎಷ್ಟು ಕೊಳೆ ಮಾಡ್ಕೊಂಡಿದೀಯ ನೋಡು. ಮನೇಗೆ ತಗೊಂಡೋಗಿ ಒಗ್ದು ಕಳಿಸ್ತೀನಿ. ನಿಂಗೆಲ್ಲಿ ಪುರುಸೊತ್ತು."

"ಅಮ್ಮ, ಅದನ್ನ ಕೆಳಗಿಡು."

"ತಡಿಯೇ, ಇದೊಂದು ಮಡಚಿ..."

"ಕೆಳಗಿಡಮ್ಮ. ಇನ್ನೇನೂ ಮುಟ್ಬೇಡ. ಅಲ್ಲೇ ನಿಂತ್ಕೋ."

ಹುಳು ಮನೆಯ ಬಾಗಿಲಲ್ಲಿ ನಿಂತು ಹೊರಗಿನವರಿಗೆ ಅಮ್ಮ ಹೇಳುತ್ತಿದ್ದ ದನಿ ಅದು. ನನ್ನ ಬಾಯಿಂದ ಹಾಗೇ ಬಂತು. ಅಮ್ಮ ಕೋಟನ್ನು ನೆಲದ ಮೇಲಿಟ್ಟು, ಎರಡು ಕೈಯನ್ನೂ ಮೈಯಿಂದ ದೂರ ಹಿಡಿದು ನಿಂತುಬಿಟ್ಟಳು. ಆ ದನಿ ಯಾಕೆ ಬರುತ್ತದೆ ಅಂತ ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ.

"ಏನೈತೆ ಒಳಗೆ?"

"ಹೇಳೋ ಹಂಗಿಲ್ಲಮ್ಮ."

"ನಂಗೂನಾ?"

"ನಿಂಗೂ."

ಅವಳು ಎರಡನೇ ಬಾಗಿಲನ್ನು ನೋಡಿದಳು, ಸೊಪ್ಪನ್ನು ನೋಡಿದಳು. ಅದಕ್ಕಿಂತ ಅವಳು ಬೈದಿದ್ದರೆ ಚೆನ್ನಾಗಿತ್ತು.

ಮೇಡಂ ಅಂದು ಊರಲ್ಲಿರಲಿಲ್ಲ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಾವಲುಗಾರನಿಗೂ ಒಳ್ಳೆಯದು, ನನಗೂ. ಆದರೆ ಹೇಳದಿದ್ದರೆ ಸಂಜೆ ಸೊಪ್ಪಿನ ಹೊತ್ತಿಗೆ ಅಮ್ಮ ತನ್ನ ಹುಳು ಮನೆಯೊಳಗೆ ಇರುತ್ತಾಳೆ. ಸ್ನಾನ ಮಾಡಿಸಿದರೂ ಸುಣ್ಣ ತುಳಿಸಿದರೂ ಈ ರೋಗಕ್ಕೆ ಸಾಲುವುದಿಲ್ಲ ಅಂತ ತಿಳಿದಿದ್ದವರು ಜಗತ್ತಿನಲ್ಲಿ ಇಬ್ಬರೇ, ಮೇಡಂ ಮತ್ತು ನಾನು. ಫೋನು ಮಾಡಿದೆ.

ಅವರು ಪೂರ್ತಿ ಕೇಳಿಸಿಕೊಂಡರು. "ಈ ಬೆಳೆ ಮುಗಿಯೋವರೆಗೂ ನಿಮ್ಮ ತಾಯಿ ಹುಳು ಮನೆಗೆ ಹೋಗೋ ಹಾಗಿಲ್ಲ. ನೀನೂ ಜೊತೆಗೆ ಹೋಗು, ನೋಡ್ಕೋ. ರೂಮಿಗೆ ಸೀಲ್ ಹಾಕಿಸ್ತೀನಿ. ಕಮಿಟಿ ನೋಡೋವರೆಗೂ ಕೆಲಸ ನಿಲ್ಲುತ್ತೆ. ಹುಳು ಎಲ್ಲಾ ಸುಡಬೇಕಾಗುತ್ತೆ, ಗೊತ್ತಲ್ಲ."

"ಗೊತ್ತು ಮೇಡಂ."

"ಊಟ ಮಾಡಿದ್ರಾ ಅವರು?"

"ಇಲ್ಲ."

"ಮೊದಲು ಮಾಡಿಸು."

ಎರಡು ಋತುವಿನ ಕೆಲಸ ಆ ಫೋನಿನಲ್ಲಿ ಹೋಯಿತು.

ಹಾಸ್ಟೆಲಿನ ಬಚ್ಚಲಲ್ಲಿ ಅಮ್ಮನಿಗೆ ತಲೆಗೆ ನೀರು ಹಾಕಿದೆ. ಅವಳ ಸೀರೆಯನ್ನು ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಆಟೋಕ್ಲೇವಿಗೆ, ಅಂದರೆ ನಮ್ಮ ದೊಡ್ಡ ಪ್ರೆಷರ್ ಕುಕ್ಕರಿಗೆ ಹಾಕಿಸಿದೆ. ಅವಳು ತಂದ ಸೊಪ್ಪು ಸುಡುವ ಹುಳುಗಳ ಜೊತೆಗೇ ಹೋಗುತ್ತದೆ ಅಂತ ಹೇಳಲಿಲ್ಲ. ಆದರೆ ಆ ಕೋಣೆಯಿಂದ ಹೊರಗೆ ಬರುವಾಗ ಅವಳು ಸೊಪ್ಪಿನ ಕಡೆ ಒಂದು ಸಲ ತಿರುಗಿ ನೋಡಿದ್ದಳು. ಉಡಲು ಕೊಡಲು ನನ್ನ ಹತ್ತಿರ ಚೂಡಿದಾರು ಬಿಟ್ಟರೆ ಇದ್ದದ್ದು ಒಂದೇ ಸೀರೆ. ಟ್ರಂಕಿನಿಂದ ನೀಲಿ ಸೀರೆ ತೆಗೆದೆ.

"ಇದು ಬೇಡ ಕಣೇ. ಬಸ್ಸಲ್ಲಿ ಹಾಳಾಗುತ್ತೆ."

"ಆಗ್ಲಿ ಬಿಡಮ್ಮ."

ಮದುವೆಗೆ ಹೊರಟವಳ ಹಾಗೆ ರೇಷ್ಮೆ ಸೀರೆ ಉಟ್ಟು, ಒದ್ದೆ ಕೂದಲು ಬಿಟ್ಟುಕೊಂಡು, ಅಮ್ಮ ಶ್ರೀನಿವಾಸಪುರದ ಬಸ್ಸಿನ ಕಿಟಕಿ ಪಕ್ಕ ಕೂತಳು. ಪಕ್ಕದಲ್ಲಿ ನಾನು. ಊರು ಹತ್ತಿರ ಬಂದಾಗ, "ಸಂಜೆ ಸೊಪ್ಪು ನಿಮ್ ಅತ್ತಿಗೆ ಒಬ್ಳೇ ಹಾಕ್ಬೇಕು," ಅಂದಳು. ಫೋನು ತೆಗೆದು ಅತ್ತಿಗೆಗೆ ಮಾಡಿಕೊಡು ಅಂದಳು.

ಹುಳು ಹಣ್ಣಾದದ್ದು ಮುಂದಿನ ವಾರ. ಅಷ್ಟು ದಿನವೂ ಅಮ್ಮ ಜಗಲಿಯಿಂದಲೇ ಕೂಗಿ ಕೂಗಿ ಹುಳು ಸಾಕಿದಳು. ಅತ್ತಿಗೆ ಸುಸ್ತಾಗಿ ಹೋಗಿದ್ದರು. ಆ ದಿನ ಓಣಿಯ ಹೆಂಗಸರು ಬಂದು, ಕೈಕಾಲು ತೊಳೆದು, ಗೋಣಿಯ ಮೇಲೆ ನಿಂತು ಒಬ್ಬೊಬ್ಬರಾಗಿ ಒಳಗೆ ಹೋದರು. ಎದುರು ಮನೆಯವಳು ನಮ್ಮಿಬ್ಬರನ್ನೂ ನೋಡಿ ಗೆರೆಯ ಹತ್ತಿರ ನಿಂತಳು.

"ಏನಕ್ಕಾ, ನಿಂಗೂ ಬಂತಾ ಅಲರ್ಜಿ?"

"ಸಾವಿನ ಮನೇಗೆ ಹೋಗಿದ್ದೆ ಕಣೇ."

"ಯಾರು ಹೋದ್ರು?"

"ಕೋಲಾರದ ಕಡೆಯೋರು. ನಿಂಗೆ ಗೊತ್ತಿಲ್ಲ ಬಿಡು."

"ರೇಷ್ಮೆ ಸೀರೆ ಉಟ್ಕೊಂಡು ಬಂದೆ ಅಂತ ಅಂದ್ರಲ್ಲ, ಸಾವಿನ ಮನೆಯಿಂದ."

"ನನ್ ಮಗಳ ಸೀರೆ. ಉಟ್ರೆ ನಿಂಗೇನೇ ಹೊಟ್ಟೆಯುರಿ? ಒಳಗೋಗು, ಹುಳ ನೂಲು ಬಿಡ್ತಾ ಅವೆ."

ಅವಳು ನಗುತ್ತಾ ಒಳಗೆ ಹೋದಳು. ಸಾವಿನ ಮನೆ ಅಂದ ಮೇಲೆ ಯಾರೂ ಮತ್ತೆ ಕೇಳಲಿಲ್ಲ. ಅಷ್ಟು ಸಲೀಸಾದ ಸುಳ್ಳು ನನಗೆ ಇಷ್ಟು ದಿನ ಹೊಳೆದಿರಲಿಲ್ಲ. ತಾನು ಏನನ್ನು ಮುಚ್ಚಿಡುತ್ತಿದ್ದೇನೆ ಅಂತ ಗೊತ್ತಿಲ್ಲದೆಯೇ ಅಮ್ಮ ಅದನ್ನು ಮುಚ್ಚಿಟ್ಟಿದ್ದಳು.

ಒಳಗೆ ಮಾತು, ನಗು. ಯಾರೋ ಚಂದ್ರಿಕೆ ತುಂಬಿತು ಇನ್ನೊಂದು ಕೊಡಿ ಅಂತ ಕೂಗಿದರು. ಅಮ್ಮ ಎದ್ದು ಹೋಗುವವಳ ಹಾಗೆ ಮುಂದಕ್ಕೆ ಬಾಗಿ, ಹಾಗೇ ಕೂತಳು. ಅವಳ ಕೈಗಳು ಮಡಿಲಲ್ಲಿ ಸುಮ್ಮನೆ ಬಿದ್ದಿದ್ದವು. ಹಣ್ಣು ಹುಳುವಿನ ದಿನ ಆ ಕೈಗಳನ್ನು ಖಾಲಿಯಾಗಿ ನಾನು ಯಾವತ್ತೂ ನೋಡಿರಲಿಲ್ಲ. ನನ್ನ ಕಡೆ ತಿರುಗದೆ ಕೇಳಿದಳು.

"ಹೋದ ಸಲಾನೂ ಹಿಂಗೇ ಕೂತಿದ್ಯಲ್ಲ. ಒಬ್ಳೇ."

"ಹೂಂ."

"ನಾನು ಪಾಯಸ ಇಟ್ಟು ಹೊಂಟೋದೆ."

ಇಬ್ಬರೂ ಹೊಸ್ತಿಲನ್ನೇ ನೋಡುತ್ತಾ ಕೂತೆವು. ಜನ ಓಡಾಡಿ ಗೋಣಿಚೀಲದ ಒಂದು ಅಂಚು ಮಡಚಿಕೊಂಡಿತ್ತು. ಅಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಒಂದು ಉದ್ದನೆಯ ಕೋಲು ತಂದು, ಗೆರೆಯ ಈಚೆ ನಿಂತು, ಕೋಲಿನಿಂದಲೇ ಅದನ್ನು ಬಿಡಿಸಿ ಸರಿಮಾಡಿ ಬಂದು ಕೂತಳು.

ಗೂಡು ಚೆನ್ನಾಗಿ ಬಂತು.

ಕಮಿಟಿ ಬಂದು ನೋಡಿ, ತಿಂಗಳುಗಟ್ಟಲೆ ತಗೊಂಡು, ಕೊನೆಗೆ ಕೋಣೆ ತೆರೆಯಿತು. ಹೊಸ ಬೀಗ, ಹೊಸ ಬಾಗಿಲು. ಕಾವಲುಗಾರನದೇನೂ ತಪ್ಪಿಲ್ಲ ಅಂತ ಮೇಡಂ ಬರೆದುಕೊಟ್ಟರು, ಅವನು ಈಗಲೂ ಅದೇ ಗೇಟಿನಲ್ಲಿದ್ದಾನೆ. ನನ್ನ ಇಂಗ್ಲಿಷ್ ಬೋರ್ಡಿನ ಕೆಳಗೆ ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದೆ. ಆಮೇಲೆ ಅದೂ ಸಾಲದು ಅನ್ನಿಸಿ, ಬಾಗಿಲ ಮುಂದೆ ಸುಣ್ಣದ ಪುಡಿಯಲ್ಲಿ ಒಂದು ಗೆರೆ ಎಳೆದು ಒದ್ದೆ ಗೋಣಿ ಹಾಸಿದೆ. ಕಮಿಟಿಯವರೊಬ್ಬರು ಇದೇನಿದು ಅಂದರು. ಈ ಜಿಲ್ಲೆಯವರಿಗೆ ಅರ್ಥವಾಗುತ್ತೆ ಸಾರ್ ಅಂದೆ. ಮೊದಲಿಂದ ಶುರುಮಾಡಿದ ಕೆಲಸ ಈಗ ಮುಗಿದು ಅಚ್ಚಾಗಿದೆ. ಆ ರೋಗಕ್ಕೆ ಯಾವ ಔಷಧಿ, ಎಷ್ಟು ಹೊತ್ತು ಅನ್ನುವುದು ಈಗ ಯಾರು ಬೇಕಾದರೂ ಓದಬಹುದು. ಅದಕ್ಕೇ ಇಷ್ಟನ್ನು ಬರೆಯುತ್ತಿದ್ದೇನೆ.

ಹೋದ ಬೆಳೆಗೆ ಊರಿಗೆ ಹೋಗಿ ಗೋಣಿಯ ಮೇಲೆ ನಿಂತು, ಗೆರೆ ದಾಟಿ ಒಳಗೆ ಹೋದೆ. "ಅಲರ್ಜಿ ವಾಸಿಯಾಯ್ತಾ ತಾಯಿ?" ಅಂದರು ಅತ್ತಿಗೆ. ಆಯ್ತು ಅಂದೆ. ಅಮ್ಮ ಒಂದು ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ಕೈಗೆ ಮರೆತುಹೋಗಿರಲಿಲ್ಲ. ಹಣ್ಣು ಹುಳುವಿನ ತಂಪು ಬೆರಳಿಗೆ ತಾಕಿದಾಗ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ.

ಹೆಂಗಸರು ಯಾವ ಯಾವ ಊರಲ್ಲಿ ಗೂಡು ಹೇಗೆ ಬಂತು ಅಂತ ಮಾತಾಡುತ್ತಿದ್ದರು. ಅಮ್ಮ ಒಂದು ಊರಿನ ಹೆಸರು ಹೇಳಿದಳು. ಅಲ್ಲಿಯ ಗೂಡು ಈ ಸಲ ಮಾರ್ಕೆಟ್ಟಿನಲ್ಲಿ ಮೊದಲ ದರ್ಜೆಗೆ ಹೋಯಿತಂತೆ, ಒಳ್ಳೆ ಕೈಯಂತೆ ಆ ಊರವರದು ಅಂದಳು. ಆ ಯಜಮಾನರ ಮನೆ, ಡಬ್ಬಿ ಹಿಡಿದ ಅವರ ಕೈ ನನ್ನ ಕಣ್ಣ ಮುಂದೆ ಬಂತು. ಇಡೀ ಮನೆಯಲ್ಲಿ ಆ ಊರಿಗೆ ರೋಗ ಬಂದಿತ್ತು ಅಂತ ಗೊತ್ತಿದ್ದದ್ದು ನನಗೊಬ್ಬಳಿಗೇ. ಅಚ್ಚಾದ ಮೇಲೂ ಅದು ನನ್ನಲ್ಲೇ ಇರಬೇಕು, ಯಾವಾಗಲೂ.

"ಕೇಳಿಸ್ತೇನೇ?" ಅಂದಳು ಅಮ್ಮ. "ನೀನು ಹೋಗಿದ್ಯಾ ಆ ಕಡೆ?"

"ಇಲ್ಲಮ್ಮ," ಅಂದೆ.

ಅಮ್ಮ ನನ್ನ ಮುಖವನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಮಾತನ್ನು ಬೇರೆ ಊರಿಗೆ ತಿರುಗಿಸಿದಳು.